ಇರಬಹುದು

ಹೋದ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದ ಅಕ್ಕನ ಮಗ ಜೊತೆಗೊಂದು ವ್ಯಾಪಾರದ ಯೋಚನೆಯನ್ನೂ ತಂದಿದ್ದ. ಬಿ.ಕಾಂ. ಕೊನೆಯ ವರ್ಷದ ಹುಡುಗ. "ಮಿಸ್ಟರಿ ಬಾಕ್ಸ್ ಮಾವ. ಒಳಗೇನಿದೆ ಅಂತ ಹೇಳದೆ ಆನ್‌ಲೈನಲ್ಲಿ ಮಾರೋದು. ಜನ ವಸ್ತು ತಗೊಳ್ಳಲ್ಲ, ಕುತೂಹಲ ತಗೊಳ್ತಾರೆ" ಅಂದ.

ಲೆಕ್ಕ ಸರಳವಾಗಿತ್ತು. ನೂರು ಡಬ್ಬಿ, ಒಂದಕ್ಕೆ 299 ರೂಪಾಯಿ. ತೊಂಬತ್ತೊಂಬತ್ತರಲ್ಲಿ ಸಗಟು ಅಂಗಡಿಯಿಂದ ತಂದ, ತೊಂಬತ್ತು ರೂಪಾಯಿ ಆಸುಪಾಸಿನ ಸಾಮಾನು: ಕೀ ಚೈನು, ಚಾರ್ಜಿಂಗ್ ಕೇಬಲ್ಲು, ಪುಟ್ಟ ದೀಪ, ನೋಟ್‌ಬುಕ್ಕು. ಒಂದರಲ್ಲಿ ಮಾತ್ರ ಆರು ಸಾವಿರದ ಸ್ಮಾರ್ಟ್ ವಾಚು. ಎಲ್ಲ ಮಾರಿಹೋದರೆ, ಡಬ್ಬಿ ಮತ್ತು ಕೊರಿಯರ್ ಖರ್ಚು ಕಳೆದು ಸುಮಾರು ಎಂಟು ಸಾವಿರ ಉಳಿಯುತ್ತಿತ್ತು. ಬಂಡವಾಳದಲ್ಲಿ ಅರ್ಧ ನನ್ನದು. ಜಾಹೀರಾತಿನ ಸಾಲನ್ನೂ ನಾನೇ ಬರೆದುಕೊಟ್ಟೆ: "ನಿಮ್ಮ ಡಬ್ಬಿಯಲ್ಲಿ ಸ್ಮಾರ್ಟ್ ವಾಚ್ ಇರಬಹುದು!" ಬರೆದು ಒಳಗೊಳಗೇ ಹೆಮ್ಮೆಪಟ್ಟೆ. ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಡಬ್ಬಿಗಳನ್ನು ಕಲೆಸಿ ಕಳಿಸತೊಡಗಿದೆವು. ಮೂರನೆಯ ದಿನವೇ ವಾಚ್ ಸಿಕ್ಕವರು ಫೋಟೊ ಕಳಿಸಿ ಥ್ಯಾಂಕ್ಸ್ ಹೇಳಿದರು. ಹುಡುಗ ಖುಷಿಯಿಂದ ಆ ಫೋಟೊವನ್ನು ಜಾಹೀರಾತಿನ ಪಕ್ಕದಲ್ಲೇ ಹಾಕಿದ. ಆರ್ಡರುಗಳು ಒಮ್ಮೆಗೇ ಏರಿದವು. "ನೋಡಿ ಮಾವ, ನಿಜ ಅಂತ ಗೊತ್ತಾದ್ಮೇಲೆ ಜನ ಹೆಂಗೆ ನಂಬ್ತಾರೆ" ಅಂದ. ನಾನೂ ತಲೆಯಾಡಿಸಿದೆ.

ಎಡವಟ್ಟು ಹೊಳೆದದ್ದು ವಾರದ ಮೇಲೆ. ಒಬ್ಬರು ಮೂರು ಡಬ್ಬಿ ತರಿಸಿಕೊಂಡಿದ್ದರು, ನಾಲ್ಕನೆಯದಕ್ಕೆ ದುಡ್ಡು ಹಾಕಿ, "ಈ ಸಲವಾದರೂ ವಾಚ್ ಬರಬಹುದಾ?" ಎಂದು ಕೇಳಿದ್ದರು. ಹುಡುಗ ಫೋನ್ ನನ್ನ ಮುಂದೆ ಹಿಡಿದು, "ಬರಬಹುದು ಅಂತ ಹಾಕ್ಲಾ ಮಾವ?" ಅಂದ.

ವಾಚ್ ಇದ್ದದ್ದು ಒಂದೇ. ಅದು ಹೋಗಿ ಆಗಿತ್ತು. ನಾನು ಬರೆದ ಸಾಲು ಮೊದಲ ದಿನ ನಿಜವಾಗಿತ್ತು. ಒಂದಕ್ಷರವೂ ಬದಲಾಗದೆ ಮೂರನೆಯ ದಿನ ಸುಳ್ಳಾಗಿತ್ತು. ವಾಚ್ ನಿಜ ಎಂದು ಜನರನ್ನು ನಂಬಿಸಿದ ಆ ಫೋಟೊವೇ ವಾಚ್ ಇನ್ನಿಲ್ಲ ಎನ್ನುವುದಕ್ಕೂ ಸಾಕ್ಷಿ. ನೋಡಿದವರಿಗೆ ಮೊದಲನೆಯದು ಮಾತ್ರ ಕಾಣುತ್ತಿತ್ತು, ನಮಗೆ ಎರಡೂ ಗೊತ್ತಿತ್ತು.

ಹುಡುಗನ ವಾದ ತಳ್ಳಿಹಾಕುವಂಥದ್ದಲ್ಲ. "ಏನಿರುತ್ತೋ ಗೊತ್ತಿಲ್ಲ ಅಂತ ತಿಳಿದೇ ತಗೊಳ್ತಾರಲ್ಲ ಮಾವ. ಎಲ್ಲಾ ಹೇಳಿಬಿಟ್ರೆ ಮಿಸ್ಟರಿ ಎಲ್ಲಿ ಉಳೀತು?" ನಿಜವೇ. ಮುಚ್ಚಿಟ್ಟು ಮಾರುವುದೆಲ್ಲ ಮೋಸವಲ್ಲ. ಜಪಾನಿನಲ್ಲಿ ಹೊಸ ವರ್ಷಕ್ಕೆ ಅಂಗಡಿಗಳು 'ಫುಕುಬುಕುರೊ' ಎಂಬ ಮುಚ್ಚಿದ ಚೀಲಗಳನ್ನು ಮಾರುತ್ತವೆ. ಕೊಟ್ಟ ಬೆಲೆಗಿಂತ ಒಳಗಿನ ಸಾಮಾನಿನ ಬೆಲೆ ಹೆಚ್ಚಿರಬೇಕು ಎಂಬುದು ಅಲ್ಲಿನ ರೂಢಿ. ಬಣ್ಣ ಯಾವುದು, ವಸ್ತು ಯಾವುದು ಎಂಬುದಷ್ಟೇ ಗುಟ್ಟು. ಅಂಥ ಚೀಲ ಕೊಂಡವರಿಗೆ ನಿರಾಸೆಯಾಗಬಹುದು, ಅನ್ಯಾಯವಾಯಿತು ಎನ್ನಲಾಗದು.

ಹಾಗಾದರೆ ಯಾವ ಗುಟ್ಟು ಸರಿ, ಯಾವುದು ತಪ್ಪು? ಇದು ಹಳೆಯ ಪ್ರಶ್ನೆ. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲೊಬ್ಬ ವ್ಯಾಪಾರಿ ಬರುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರ, ಧಾನ್ಯಕ್ಕೆ ಚಿನ್ನದ ಬೆಲೆ. ಅವನು ಅಲೆಕ್ಸಾಂಡ್ರಿಯಾದಿಂದ ಹಡಗು ತುಂಬ ಧಾನ್ಯ ತಂದಿದ್ದಾನೆ. ದಾರಿಯಲ್ಲಿ ಇನ್ನಷ್ಟು ಧಾನ್ಯದ ಹಡಗುಗಳು ಇತ್ತಲೇ ಬರುತ್ತಿರುವುದನ್ನು ಕಂಡಿದ್ದಾನೆ. ಅದನ್ನು ಊರವರಿಗೆ ಹೇಳಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬಹುದೇ? ಡಯೋಜಿನಿಸ್ ಎಂಬ ತತ್ವಜ್ಞಾನಿಯ ಪ್ರಕಾರ ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ; ಸುಳ್ಳು ಹೇಳದಿದ್ದರೆ ಸಾಕು. ಅವನ ಶಿಷ್ಯ ಆ್ಯಂಟಿಪೇಟರ್ ಒಪ್ಪುವುದಿಲ್ಲ: ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಿರಬೇಕು. ಸಿಸೆರೊ ವ್ಯಾಪಾರಿ ಮುಚ್ಚಿಡಬಾರದಿತ್ತು ಎಂದೇ ತೀರ್ಮಾನಿಸುತ್ತಾನೆ. ಆದರೆ ಎಲ್ಲ ಮೌನವೂ ಮುಚ್ಚಿಡುವುದಲ್ಲ ಎಂದೂ ಒಪ್ಪುತ್ತಾನೆ. ತಿಳಿದುಕೊಂಡರೆ ಯಾರಿಗೆ ಅನುಕೂಲವೋ ಅವರಿಗೆ ತಿಳಿಯದಿರಲಿ ಎಂದು, ನಮ್ಮ ಲಾಭಕ್ಕಾಗಿ ಬಯಸಿದಾಗ ಮೌನವೂ ತಪ್ಪಾಗುತ್ತದೆ.

ನಮ್ಮಲ್ಲಿ ಇವತ್ತಿಗೂ ಜಾರಿಯಲ್ಲಿರುವ 1872ರ ಕರಾರು ಕಾಯ್ದೆ ವಂಚನೆಯನ್ನು ವಿವರಿಸುವ 17ನೇ ಸೆಕ್ಷನ್ನಿನಲ್ಲಿ ಇದೇ ಕವಲಿನಲ್ಲಿ ನಿಲ್ಲುತ್ತದೆ. ಬರೀ ಮೌನ ವಂಚನೆಯಲ್ಲ ಎನ್ನುತ್ತದೆ. ಆದರೆ ಮಾತಾಡುವ ಹೊಣೆ ಇದ್ದಾಗ, ಇಲ್ಲವೇ ಮೌನವೇ ಮಾತಿಗೆ ಸಮನಾದಾಗ ಮಾತು ಬೇರೆ. ನಮ್ಮ ಜಾಹೀರಾತನ್ನು ತೆಗೆಯದೆ ಹಾಗೇ ಬಿಟ್ಟಿದ್ದು ಅಂಥ ಮೌನ ಅನ್ನಿಸಿತು. ಅದು ದಿನವೂ ಜನರಿಗೆ ಏನನ್ನೋ ಹೇಳುತ್ತಲೇ ಇತ್ತು.

ನಾನು ಓದಿದ ಶಾಲೆಯೆದುರಿನ ಪೆಟ್ಟಿಗೆ ಅಂಗಡಿ ನೆನಪಾಯಿತು. ರಟ್ಟಿನ ಮೇಲೆ ಸಾಲಾಗಿ ಚೀಟಿ ಅಂಟಿಸಿರುತ್ತಿದ್ದರು. ನಾಲ್ಕಾಣೆ ಕೊಟ್ಟು ಒಂದು ಕಿತ್ತರೆ ಅದರಲ್ಲಿದ್ದ ನಂಬರಿನ ಬಹುಮಾನ. ಹೆಚ್ಚಿನವರಿಗೆ ಪೆಪ್ಪರಮೆಂಟು. ಮೇಲೆ ದಾರದಲ್ಲಿ ಒಂದು ಪ್ಲಾಸ್ಟಿಕ್ ಬ್ಯಾಟು ತೂಗುತ್ತಿತ್ತು. ಬ್ಯಾಟು ಯಾರಿಗೋ ಹೋದ ಮಧ್ಯಾಹ್ನ ಇಡೀ ಶಾಲೆಗೆ ಗೊತ್ತಾಗುತ್ತಿತ್ತು, ಖಾಲಿ ದಾರ ಕಾಣುತ್ತಿತ್ತು. ಉಳಿದ ಚೀಟಿಗಳನ್ನು ಕೀಳಲು ಆಮೇಲೆ ಯಾರೂ ಹೋಗುತ್ತಿರಲಿಲ್ಲ. ಆ ಅಂಗಡಿಯವರು ನಮಗಿಂತ ಧರ್ಮಾತ್ಮರು ಎಂದೇನಲ್ಲ. ಖಾಲಿ ದಾರ ಅವರ ಬದಲಿಗೆ ನಿಜ ಹೇಳುತ್ತಿತ್ತು, ಅಷ್ಟೇ. ಆನ್‌ಲೈನಿನಲ್ಲಿ ಆ ದಾರವಿಲ್ಲ. ಒಬ್ಬರ ಡಬ್ಬಿ ಇನ್ನೊಬ್ಬರಿಗೆ ಕಾಣದು. ಚೀನಾದಲ್ಲಿ 2023ರಲ್ಲಿ ಇಂಥ ವ್ಯಾಪಾರಕ್ಕೆ ಮಾರ್ಗಸೂಚಿ ಹೊರಡಿಸಿ, ಯಾವುದು ಎಷ್ಟರಲ್ಲಿ ಒಂದು ಬರುತ್ತದೆ ಎಂದು ತಿಳಿಸಬೇಕು, ಎಂಟು ವರ್ಷದೊಳಗಿನ ಮಕ್ಕಳಿಗೆ ಮಾರಬಾರದು ಎಂದರು. ದಾರವನ್ನು ಮತ್ತೆ ಕಾಣುವಂತೆ ಕಟ್ಟುವ ಪ್ರಯತ್ನ ಅದು.

'ಬಹುದು' ನಮ್ಮ ಭಾಷೆಯ ವಿಚಿತ್ರ ಪದ. 'ಮಳೆ ಬರಬಹುದು' ಎಂದರೆ ಸಾಧ್ಯತೆ, 'ನೀವಿನ್ನು ಹೋಗಬಹುದು' ಎಂದರೆ ಅನುಮತಿ. ವಾಚ್ ಇರುವ ಸಾಧ್ಯತೆ ಮುಗಿದ ದಿನವೇ 'ಇರಬಹುದು' ಎಂದು ಹೇಳುವ ನಮ್ಮ ಅನುಮತಿಯೂ ಮುಗಿದಿತ್ತು. ಡಬ್ಬಿಯೊಳಗೆ ಏನಿದೆ ಎಂಬ ಗುಟ್ಟು ಕೊಳ್ಳುವವರ ಸಂತೋಷಕ್ಕೆ. ಏನು ಉಳಿದಿಲ್ಲ ಎಂಬ ಗುಟ್ಟು ನಮ್ಮ ಲಾಭಕ್ಕೆ. ಮೊದಲನೆಯದನ್ನು ಅವರು ತಿಳಿದೇ ಕೊಂಡಿದ್ದರು. ಎರಡನೆಯದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ವಾಚ್ ಹೋಗಿಬಿಟ್ಟಿದೆ ಅಂತ ಬರಿ" ಅಂದೆ. ಜಾಹೀರಾತಿನಲ್ಲೂ ಅದನ್ನೇ ಹಾಕಿಸಿದೆ. ವಾಚ್ ಹೋದ ಮೇಲೆ ಕೊಂಡವರಿಗೆಲ್ಲ, ಬೇಕಾದರೆ ದುಡ್ಡು ವಾಪಸ್ ಎಂದು ತಿಳಿಸಿದೆವು. ಹನ್ನೊಂದು ಜನ ಕೇಳಿದರು, ಕೊಟ್ಟೆವು. ಆರ್ಡರು ನಿಂತೇಹೋಯಿತು. ಹುಡುಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, "ಇದನ್ನೆಲ್ಲ ಮೊದಲೇ ಹೇಳಬಹುದಿತ್ತು ಮಾವ. ಆ ಸಾಲು ಬರೆದಿದ್ದು ನೀವೇ ಅಲ್ವಾ?" ಅಂದ.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹೇಳಬಹುದಿತ್ತು. ನಾಲ್ಕು ಡಬ್ಬಿ ಕೊಂಡವರು ಕೇಳುವ ತನಕ ನನಗೂ ಆ ಮೌನ ಅನುಕೂಲವಾಗಿಯೇ ಇತ್ತು. ಮಾರದೆ ಉಳಿದ ಇಪ್ಪತ್ತಾರು ಡಬ್ಬಿಗಳು ಅಟ್ಟದ ಮೇಲಿವೆ. ಅವುಗಳಲ್ಲಿ ಏನಿದೆ ಎಂದು ನಮ್ಮಿಬ್ಬರಿಗೂ ಗೊತ್ತು.