ಮೊದಲ ನೀರಿನ ಹೊಣೆ

ಬೀಜವು ಉತ್ತಮವಾಗಿದ್ದು ಕ್ಷೇತ್ರವು ಶುದ್ಧವಾಗಿದ್ದರೂ ಕಾಲವು ಕೂಡಿಬಾರದಿದ್ದರೆ ಅಂಕುರವಾಗದೆಂಬುದು ಒಕ್ಕಲಿಗನಿಗೂ ಶಾಸ್ತ್ರಜ್ಞನಿಗೂ ಸಮಾನವಾಗಿ ತಿಳಿದ ಮಾತು. ಅಂಕುರವಾದ ಮೇಲೆ ಅದನ್ನು ಕಾಪಾಡುವ ಹೊಣೆ ಯಾರದೆಂಬುದನ್ನು ಮಾತ್ರ ಬಹುಮಂದಿ ವಿಚಾರಿಸುವುದಿಲ್ಲ. ಇದಕ್ಕೆ ಶೀತದೇಶಗಳ ಹುಲ್ಲುಹಾಸು ಒಂದು ತಕ್ಕ ದೃಷ್ಟಾಂತ. ಇಂಗ್ಲೆಂಡಿನಲ್ಲಿಯೂ ಅಮೆರಿಕದ ಉತ್ತರ ಸಂಸ್ಥಾನಗಳಲ್ಲಿಯೂ ಮನೆಯ ಅಂಗಳಕ್ಕೆ ಹುಲ್ಲು ಬಿತ್ತುವುದು ಗೃಹಸ್ಥರ ಸಾಮಾನ್ಯ ಕೆಲಸ. ನ್ಯೂಜರ್ಸಿ, ಒಹಾಯೊ, ಮಿಷಿಗನ್ ಮೊದಲಾದ ಕಡೆಗಳಲ್ಲಿ ನೆಲಸಿರುವ ಕನ್ನಡ ಮನೆತನಗಳಿಗೂ ಇದು ಅಪರಿಚಿತವಲ್ಲ.

ಆ ನಾಡುಗಳಲ್ಲಿ ಹಿಮ ಕರಗಿ ವಸಂತ ಬಂದೊಡನೆ ಬರಿಯ ನೆಲ ಕಣ್ಣಿಗೆ ಚುಚ್ಚುತ್ತದೆ. ಆಗಲೇ ಜನರು ಬೀಜದಂಗಡಿಗೆ ಓಡುತ್ತಾರೆ. ಅನುಭವಿಗಳು ಹಾಗೆ ಮಾಡುವುದಿಲ್ಲ. ಅವರು ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಕಾಲವನ್ನು, ಎಂದರೆ ಶರತ್ಕಾಲದ ಬಾಗಿಲನ್ನು, ಕಾದುಕೊಂಡಿರುತ್ತಾರೆ. ಬೇಸಗೆಯ ಕಾವು ಆಗ ಮಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ. ಮೇಲಣ ಗಾಳಿ ತಂಪಾಗಿರುತ್ತದೆ. ಶೀತದೇಶದ ಹುಲ್ಲಿನ ಬೀಜ ಮೊಳೆಯುವುದಕ್ಕೆ ಮಣ್ಣಿನಲ್ಲಿ 10ರಿಂದ 18 ಸೆಂಟಿಗ್ರೇಡಿನಷ್ಟು ಉಷ್ಣತೆ ಹಿತ. ಕ್ರ್ಯಾಬ್‌ಗ್ರಾಸ್ ಎಂಬ ಕಳೆ ವಸಂತದಲ್ಲಿ ಮೊಳೆತು ಶರತ್ತಿನ ಮೊದಲ ಹಿಮಕ್ಕೆ ಸಾಯುವುದರಿಂದ, ಈ ಕಾಲದಲ್ಲಿ ಬಿತ್ತಿದ ಬೀಜಕ್ಕೆ ಪ್ರತಿಸ್ಪರ್ಧಿಯೂ ಕಡಿಮೆ. ಎಲೆಯ ಬೆಳವಣಿಗೆ ಕುಂಠಿತವಾದ ಮೇಲೆಯೂ ಬೇರು ಸುಮ್ಮನಿರುವುದಿಲ್ಲ. ನೆಲ ತೀರ ತಣ್ಣಗಾಗುವವರೆಗೂ ಕೆಳಗಿಳಿಯುತ್ತಲೇ ಇರುತ್ತದೆ. ವಸಂತದಲ್ಲಿ ಬಿತ್ತಿದ್ದಾದರೋ ಎಳೆಬೇರಿನಲ್ಲಿಯೇ ಬಿರುಬೇಸಗೆಯನ್ನು ಎದುರಿಸಬೇಕು.

ಈ ಕಾಲನಿಯಮವನ್ನು ಯಥಾವತ್ತಾಗಿ ಕನ್ನಡನಾಡಿಗೆ ತಂದರೆ ಅವಿವೇಕವಾದೀತು. ಬಯಲುಸೀಮೆಯ ಬಿಸಿಲಿಗೆ ಆ ಹುಲ್ಲು ನಿಲ್ಲದು. ಇಲ್ಲಿಗೆ ತಕ್ಕುದು ಗರಿಕೆ. ಗಣ್ಣುಗಳುಳ್ಳ ಅದರ ಬಳ್ಳಿಯನ್ನು ತುಂಡರಿಸಿ ನೆಟ್ಟರೆ ಸಾಕು. ಅದೇ ಗರಿಕೆ ಅಮೆರಿಕದ ದಕ್ಷಿಣದ ಬಿಸಿನಾಡುಗಳಲ್ಲಿ ಬರ್ಮ್ಯುಡಾ ಹುಲ್ಲೆಂಬ ಹೆಸರಿನಿಂದ ಅಂಗಳಗಳನ್ನು ತುಂಬಿದೆ. ಅಲ್ಲಿ ಅದನ್ನು ಹಾಕುವುದು ವಸಂತದ ಕೊನೆಯಲ್ಲಿ, ಶರತ್ತಿನಲ್ಲಲ್ಲ. ಕುಡಿಯುವ ನೀರಿಗೇ ಬವಣೆಪಡುವ ಊರಿನಲ್ಲಿಯಂತೂ ಹುಲ್ಲುಹಾಸಿನ ಆಡಂಬರ ಸರ್ವಥಾ ಸಲ್ಲದು.

ಷಟ್‌ಸ್ಥಲಗಳಲ್ಲಿ ಮೊದಲನೆಯದಾದ ಭಕ್ತಸ್ಥಲಕ್ಕೆ ಪೃಥ್ವಿಯೇ ಅಂಗ, ಶ್ರದ್ಧೆಯೇ ಭಕ್ತಿ. ಎರಡನೆಯದಾದ ಮಾಹೇಶ್ವರಸ್ಥಲಕ್ಕೆ ಜಲವು ಅಂಗ, ನಿಷ್ಠೆಯು ಭಕ್ತಿ ಎಂದು ಹಿರಿಯರು ನಿರೂಪಿಸಿದ್ದಾರೆ. ಹುಲ್ಲು ಬಿತ್ತುವವನ ಕೆಲಸವೂ ಇದೇ ಕ್ರಮದಲ್ಲಿ ನಡೆಯುತ್ತದೆ. ಮೊದಲು ಮಣ್ಣು. ಅದರ ಹುಳಿ ಹೆಚ್ಚಾಗಿದೆಯೇ ಎಂದು ಪರೀಕ್ಷಿಸಿ, ಬೇಕಾದರೆ ಸುಣ್ಣವನ್ನು ಬೆರಸಿ, ಕಲ್ಲು ಕಳೆಗಳನ್ನು ತೆಗೆದು, ಗಟ್ಟಿನೆಲವನ್ನು ಸಡಿಲಿಸಬೇಕು. ಬಳಿಕ ಬೀಜವನ್ನು ಕಾಲು ಅಂಗುಲಕ್ಕಿಂತ ಆಳಕ್ಕೆ ಇಳಿಸದೆ, ಮಣ್ಣು ಅದನ್ನು ಅಪ್ಪಿಕೊಳ್ಳುವಂತೆ ಮೆಲ್ಲಗೆ ಅದುಮಬೇಕು. ಕೆಂಟಕಿ ಬ್ಲೂಗ್ರಾಸ್ ಎಂಬ ಹುಲ್ಲಿನ ಒಂದು ಪೌಂಡು ಬೀಜದಲ್ಲಿ ಸುಮಾರು 20 ಲಕ್ಷ ಕಾಳುಗಳಿರುತ್ತವೆ. ಸಾವಿರ ಚದರಡಿಗೆ ಎರಡು ಮೂರು ಪೌಂಡು ಸಾಕು. ಧೂಳಿನಂಥ ಈ ಕಾಳನ್ನು ನೆಲಕ್ಕೆ ಒಪ್ಪಿಸಿ ಬರಿಯ ಮಣ್ಣನ್ನೇ ವಾರಗಟ್ಟಲೆ ನೋಡುತ್ತ ನಿಲ್ಲುವುದಕ್ಕೆ ಶ್ರದ್ಧೆ ಬೇಕು. ಆ ಶ್ರದ್ಧೆಯಿಲ್ಲದವರು ಬೆಳೆದ ಹುಲ್ಲನ್ನೇ ಚಾಪೆಯಂತೆ ಸುರುಳಿ ಸುತ್ತಿ ತರಿಸಿ ಹಾಸುವುದುಂಟು. ಹದಮಾಡಿದ ನೆಲಕ್ಕೆ ಹಾಸಿದರೆ ಅದರಲ್ಲಿ ದೋಷವಿಲ್ಲ. ಕಲ್ಲಿನಂಥ ನೆಲಕ್ಕೆ ಹಾಸಿದರೆ ಬೇರು ಇಳಿಯದೆ, ಕೈಯಿಂದ ಎತ್ತಿದರೆ ಚಾಪೆಯಂತೆಯೇ ಮೇಲೇಳುತ್ತದೆ.

ಇನ್ನು ನೀರಿನ ವಿಷಯ. ಇದೇ ಮುಖ್ಯವಾದುದು. ಒಣಗಿದ ಬೀಜವು ನಿದ್ರಿಸುತ್ತಿರುವ ಜೀವ. ಒಳ್ಳೆಯ ಕಡೆ ಇಟ್ಟರೆ ಒಂದೆರಡು ವರ್ಷವಾದರೂ ಅದಕ್ಕೆ ಹೆಚ್ಚಿನ ಕೇಡಿಲ್ಲ. ನೀರನ್ನು ಹೀರಿ, ಸಿಪ್ಪೆ ಬಿರಿದು, ಎಳೆಬೇರು ಹೊರಬಂದಮೇಲೆ ಮಾತ್ರ ಅದು ಮತ್ತೆ ಬೀಜವಾಗಲಾರದು. ಹಿಂದಿರುಗುವ ದಾರಿ ಮುಚ್ಚಿಹೋಯಿತು. ಆಗ ಮೇಲ್ಮಣ್ಣು ಒಂದೆರಡು ಮಧ್ಯಾಹ್ನ ಒಣಗಿದರೂ ಮೊಳಕೆ ಸಾಯುತ್ತದೆ. ಆದಕಾರಣ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ನೀರನ್ನು ಚಿಮುಕಿಸುತ್ತಿರಬೇಕು. ಒಮ್ಮೆಲೇ ಸುರಿದರೆ ಬೀಜ ಕೊಚ್ಚಿಹೋಗುತ್ತದೆ.

ಇಲ್ಲಿಯೇ ಒಂದು ಸೂಕ್ಷ್ಮವುಂಟು. ಅಂಗಡಿಯಲ್ಲಿ ದೊರೆಯುವ ಬೀಜ ಅನೇಕ ವೇಳೆ ಮಿಶ್ರವಾಗಿರುತ್ತದೆ. ಅದರಲ್ಲಿನ ರೈ ಹುಲ್ಲು 5ರಿಂದ 10 ದಿನಗಳಲ್ಲಿ ಹಸಿರಾಗಿ ಏಳುತ್ತದೆ; ಬ್ಲೂಗ್ರಾಸ್ 14ರಿಂದ 28 ದಿನ ತೆಗೆದುಕೊಳ್ಳುತ್ತದೆ. ಹತ್ತನೆಯ ದಿನದ ಹಸಿರನ್ನು ಕಂಡು ‘ಎಲ್ಲವೂ ಬಂದಿತು’ ಎಂದು ಹಿಗ್ಗಿದ ಯಜಮಾನನು ನೀರನ್ನು ನಿಲ್ಲಿಸಿದನೆಂದರೆ, ನೆಲದೊಳಗೆ ಆಗತಾನೆ ಬಾಯಿಬಿಡುತ್ತಿದ್ದ ಬ್ಲೂಗ್ರಾಸ್ ಅಲ್ಲಿಯೇ ಕಮರುತ್ತದೆ. ಅದು ಸತ್ತುದೂ ಅವನಿಗೆ ತಿಳಿಯುವುದಿಲ್ಲ. ಬೇಗ ಎದ್ದ ರೈ ಹುಲ್ಲು ತನ್ನ ಬುಡದಲ್ಲಿಯೇ ಗೊಂಚಲಾಗಿ ನಿಲ್ಲುವ ಜಾತಿ. ತಡವಾಗಿ ಬರುವ ಬ್ಲೂಗ್ರಾಸ್ ಆದರೋ ನೆಲದಡಿಯಲ್ಲಿ ಕಾಂಡವನ್ನು ಹರಿಸಿ, ಬರಿದಾದ ಎಡೆಗಳನ್ನು ತಾನೇ ತುಂಬುವಂಥದು. ಅಂಗಳವನ್ನು ಮುಂದೆ ಉಳಿಸಬೇಕಾಗಿದ್ದುದೇ ಹೀಗೆ ಅವಸರದಿಂದ ನಾಶವಾಗುತ್ತದೆ.

ಪಾಠಶಾಲೆಗಳಲ್ಲಿ ಇದು ನಡೆಯುವುದಿಲ್ಲವೆ? ಮೊದಲ ತಿಂಗಳಲ್ಲಿಯೇ ಒಪ್ಪಿಸುವ ನಾಲ್ಕು ಮಕ್ಕಳನ್ನು ನೋಡಿ ಪಾಠವನ್ನು ಮುಂದೆ ನಡೆಸಿದರೆ, ಒಳಗೇ ಮೊಳೆಯುತ್ತಿದ್ದ ಐದನೆಯವನು ಏನಾದನು? ಮನೆಗಳಲ್ಲಿಯೂ ಹಾಗೆಯೇ. ಮಗುವಿಗೆ ದೀಕ್ಷೆ ಮಾಡಿಸುವ ದಿನ ಬಂಧುಬಳಗ ನೆರೆಯುತ್ತದೆ, ಪಂಕ್ತಿಭೋಜನ ನಡೆಯುತ್ತದೆ. ಮರುದಿನದಿಂದ ಆ ಮಗುವಿನ ಪಕ್ಕದಲ್ಲಿ ಕುಳಿತು ಪೂಜೆಯ ಕ್ರಮವನ್ನು ತೋರಿಸುವವರಿಲ್ಲ. ಎಚ್ಚತ್ತ ಜೀವ ಕೇಳುವ ಪ್ರಶ್ನೆಗೆ ಉತ್ತರ ಕೊಡುವವರಿಲ್ಲ. ಸಂಸ್ಕಾರವನ್ನೇ ಕಾಣದ ಮಗು ನಾಳೆಯಾದರೂ ಎಚ್ಚರಗೊಂಡೀತು. ಎಚ್ಚರಿಸಿ ಕೈಬಿಟ್ಟ ಮಗುವಿಗೆ ಆ ವಿಷಯವೇ ಹೇಸಿಗೆಯಾಗುವುದುಂಟು.

ಹಾಗಾದರೆ ಪೂರ್ಣವಾಗಿ ನಿರ್ವಹಿಸಲಾರದವನು ಬಿತ್ತದಿರುವುದೇ ಲೇಸಲ್ಲವೆ ಎಂಬ ಶಂಕೆ ಉದ್ಭವಿಸಬಹುದು. ಅದಕ್ಕೆ ಸಮಾಧಾನ ಹೀಗೆ: ಅಂಗಳವೆಲ್ಲವನ್ನೂ ಒಂದೇ ಶರತ್ತಿನಲ್ಲಿ ಹಸಿರು ಮಾಡಬೇಕೆಂಬ ಕಟ್ಟಳೆಯೇನೂ ಇಲ್ಲ. ತನ್ನ ಬಿಡುವು ಎಷ್ಟಿದೆ, ನೀರು ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದನ್ನು ಅಳೆದುಕೊಂಡು ಒಂದು ಮೂಲೆಯನ್ನು ಬಿತ್ತಲಿ. ಉಳಿದುದು ಮುಂದಿನ ವರ್ಷಕ್ಕೆ. ತಂದೆಯಾದವನು ದಿನಕ್ಕೆ ಅರ್ಧ ಗಳಿಗೆಯನ್ನು ಮಾತ್ರ ಕೊಡಬಲ್ಲನಾದರೆ ಅರ್ಧ ಗಳಿಗೆಯ ಪೂಜೆಯನ್ನೇ ಕಲಿಸಲಿ. ಆದರೆ ಆ ಅರ್ಧ ಗಳಿಗೆ ತಪ್ಪದಿರಲಿ. ನಿಷ್ಠೆಯೆಂಬುದು ಪ್ರಮಾಣದಲ್ಲಿಲ್ಲ.

ಮೊಳಕೆಗಳೆಲ್ಲವೂ ನಿಂತ ಮೇಲೆ ನೀರಿನ ರೀತಿಯನ್ನು ಬದಲಿಸಬೇಕಾಗುತ್ತದೆ. ಆಗ ಅಪರೂಪವಾಗಿ, ಆದರೆ ಆಳಕ್ಕೆ ಇಳಿಯುವಂತೆ ಹಾಯಿಸಿದರೆ ಬೇರು ನೀರನ್ನು ಅರಸುತ್ತ ತಾನೇ ಕೆಳಗೆ ಹೋಗುತ್ತದೆ; ಬೆಳೆದ ಮಗನಿಗೆ ತುತ್ತಿಡುವ ತಾಯಿಯಂತೆ ಚಿಮುಕಿಸುತ್ತಲೇ ಇದ್ದರೆ ಬೇರು ಮೇಲೆಯೇ ಉಳಿಯುತ್ತದೆ. ಹುಲ್ಲು ಮೂರು ಅಂಗುಲ ಮೀರಿದಾಗ ಮೊದಲ ಸಲ ಕತ್ತರಿಸಬಹುದು. ಒಮ್ಮೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

ಅಷ್ಟರಲ್ಲಿ ಮೇಪಲ್, ಓಕ್ ಮರಗಳು ಎಲೆಯುದುರಿಸಲು ತೊಡಗುತ್ತವೆ. ಪ್ರಸಾದಿಸ್ಥಲಕ್ಕೆ ಅಗ್ನಿಯು ಅಂಗ, ಅವಧಾನವು ಭಕ್ತಿ. ಇಲ್ಲಿಯೂ ಬೆಳಕಿನ ಕಡೆಗೆ ಅವಧಾನ ಬೇಕು. ಕೆಂಪು ಹಳದಿ ಎಲೆಗಳ ಹಾಸು ನೋಡುವುದಕ್ಕೆ ರಮ್ಯವಾಗಿದ್ದರೂ ಅದರಡಿಯಲ್ಲಿ ಎಳೆಹುಲ್ಲು ಬಿಸಿಲಿಲ್ಲದೆ ಕೊಳೆಯುತ್ತದೆ. ಎಲೆಗಳನ್ನು ಆಗಾಗ್ಗೆ, ಬೇರು ಕೀಳದಂತೆ ಹಗುರವಾಗಿ ಎತ್ತಬೇಕು. ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾದ ಮುಂಜಾವುಗಳಲ್ಲಿ ಅದರ ಮೇಲೆ ಯಾರೂ ಕಾಲಿಡದಂತೆ ನೋಡಿಕೊಳ್ಳಬೇಕು. ಹಾಗೆ ನಡೆದವರ ಹೆಜ್ಜೆಯ ಗುರುತು ಬಿಸಿಲೇರಿದ ಮೇಲೆ ಕಂದುಬಣ್ಣಕ್ಕೆ ತಿರುಗಿ ಬಹುದಿನ ಉಳಿದಿರುತ್ತದೆ.