ಲೋಕಾಪವಾದಕ್ಕೆ ಉತ್ತರ

ಒಬ್ಬನ ಮೇಲೆ ಬಂದ ಅಪವಾದವನ್ನು ಆತನು ತನ್ನ ನಡತೆಯಿಂದ ಕಳೆದುಕೊಳ್ಳಬಹುದು. ಒಂದು ಗುಂಪಿನ ಮೇಲೆ ಬಂದ ಅಪವಾದವನ್ನು ಕಳೆಯತಕ್ಕವರು ಯಾರು? ಆ ಗುಂಪಿನಲ್ಲಿ ಒಬ್ಬನು ಸಭ್ಯನಾಗಿ ಕಂಡುಬಂದರೆ ಲೋಕವು ಅವನೊಬ್ಬನನ್ನು ಬೇರೆಯಾಗಿರಿಸಿ, ಉಳಿದವರ ವಿಷಯದಲ್ಲಿ ಮೊದಲಿನ ಅಭಿಪ್ರಾಯವನ್ನೇ ಇಟ್ಟುಕೊಳ್ಳುವುದು. ಒಬ್ಬನು ಕೆಟ್ಟವನಾಗಿ ಕಂಡರೋ, ಅವನೇ ಇಡೀ ಗುಂಪಿಗೆ ಮಾದರಿಯಾಗುವನು. ಜಾತಿ, ವೃತ್ತಿ, ದೇಶ ಮೊದಲಾದುವುಗಳ ವಿಷಯದಲ್ಲಿ ಈ ಅನ್ಯಾಯವು ಎಲ್ಲರಿಗೂ ತಿಳಿದದ್ದೇ. ಕೇವಲ ವಿನೋದಕ್ಕಾಗಿ ಆಡುವ ಒಂದು ಆಟದ ವಿಷಯದಲ್ಲಿಯೂ ಅದು ನಡೆಯಿತೆಂಬುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಳೆದ ಶತಮಾನದ ಕೊನೆಯ ಭಾಗದಲ್ಲಾದ ವೃತ್ತಾಂತವು ಸಾಕ್ಷಿ. ವಿಷಯವು ಸಣ್ಣದಾದುದರಿಂದಲೇ ಅಪವಾದದ ಸ್ವರೂಪವು ಅದರಲ್ಲಿ ನಿಚ್ಚಳವಾಗಿ ಕಾಣುವುದು.

1974ನೆಯ ಇಸವಿಯಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತರು. ಮೊದಲು ಅಚ್ಚಾದುವು ಸಾವಿರ ಪ್ರತಿಗಳು. ನೆಲಮಾಳಿಗೆಗಳು, ಘಟಸರ್ಪಗಳು ಎಂದು ಹೆಸರಿನ ಅರ್ಥ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರ, ಮಿಕ್ಕವರಲ್ಲಿ ಒಬ್ಬನು ವೀರ, ಒಬ್ಬನು ಮಾಂತ್ರಿಕ, ಮತ್ತೊಬ್ಬನು ಕಳ್ಳ, ಹೀಗೆ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಎದುರಿಗೆ ಕತ್ತಲೆಯ ಗುಹೆ ಇದೆ, ಒಳಗೆ ಏನೋ ಉಸಿರಾಡುತ್ತಿದೆ ಎಂದು ಸೂತ್ರಧಾರನು ವರ್ಣಿಸಿದರೆ, ಏನು ಮಾಡುವೆವೆಂದು ಪಾತ್ರಧಾರಿಗಳು ಹೇಳುತ್ತಾರೆ. ಮಾಡಿದ್ದು ಫಲಿಸಿತೆ ಇಲ್ಲವೆ ಎಂಬುದನ್ನು ದಾಳವು ಹೇಳುತ್ತದೆ. ಪಣವಿಲ್ಲ. ನಳನನ್ನೂ ಧರ್ಮರಾಜನನ್ನೂ ಕಾಡಿಗಟ್ಟಿದ ದ್ಯೂತಕ್ಕೂ ಇದಕ್ಕೂ ದಾಳವೊಂದನ್ನುಳಿದು ಬೇರೆ ನಂಟಿಲ್ಲ. ಕರಾವಳಿಯ ತಾಳಮದ್ದಳೆಯನ್ನು ಕೇಳಿಬಲ್ಲವರಿಗೆ ಇದರ ಹೋಲಿಕೆಯು ಥಟ್ಟನೆ ಹೊಳೆಯದಿರದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಅರ್ಥಧಾರಿಯು ಕೌರವನಾಗಿ ಆಶುವಾಗಿ ಮಾತನಾಡುವನು. ಬೆಳಗಾದ ಮೇಲೆ ಅವನು ಮನೆಗೆ ಹೋದರೆ ಹೆಂಡತಿಮಕ್ಕಳು ಕೌರವನು ಬಂದನೆಂದು ಬಾಗಿಲು ಹಾಕುವುದಿಲ್ಲ.

ಅಮೆರಿಕದಲ್ಲಿ ಬಾಗಿಲು ಹಾಕಿದರು. ಅದು ಹೇಗಾಯಿತೆಂದರೆ: 1979ರ ಆಗಸ್ಟಿನಲ್ಲಿ ಮಿಷಿಗನ್ ಸಂಸ್ಥಾನದ ಒಂದು ವಿಶ್ವವಿದ್ಯಾನಿಲಯದಿಂದ ಹದಿನಾರು ವರ್ಷದ ಅತಿ ಬುದ್ಧಿವಂತನಾದ ಒಬ್ಬ ವಿದ್ಯಾರ್ಥಿಯು ಕಾಣೆಯಾದನು. ತಂದೆತಾಯಿಗಳು ವಿಲಿಯಂ ಡಿಯರ್ ಎಂಬ ಖಾಸಗಿ ಪತ್ತೇದಾರನನ್ನು ನೇಮಿಸಿದರು. ಹುಡುಗನು ಈ ಆಟವನ್ನು ಆಡುತ್ತಿದ್ದನೆಂದು ತಿಳಿದು, ವಿದ್ಯಾಲಯದ ಕೆಳಗಿನ ಆವಿಕೊಳವೆಗಳ ಸುರಂಗದಲ್ಲಿ ಆಟವಾಡುತ್ತ ದಾರಿ ತಪ್ಪಿರಬಹುದೆಂದು ಆ ಪತ್ತೇದಾರನು ಊಹಿಸಿದನು. ವೃತ್ತಪತ್ರಿಕೆಗಳಿಗೆ ‘ಇರಬಹುದು’ ಎಂಬ ಮಾತು ಬೇಡವಾಯಿತು. ಸುರಂಗವೂ ಘಟಸರ್ಪವೂ ಸಾಕಾದುವು. ಸುಮಾರು ಒಂದು ತಿಂಗಳಿಗೆ ಹುಡುಗನು ಸಿಕ್ಕಿದನು. ಅವನು ಸುರಂಗಕ್ಕೆ ಇಳಿದದ್ದು ಆಡುವುದಕ್ಕಲ್ಲ, ಬಾಳಿನಲ್ಲಿ ಆಸೆಗೆಟ್ಟು. ಈ ಸಂಗತಿಯನ್ನು ಹೊರಗೆಡಹುವುದಿಲ್ಲವೆಂದು ಪತ್ತೇದಾರನು ಅವನಿಗೆ ಮಾತು ಕೊಟ್ಟನು. ಕೊಟ್ಟ ಮಾತನ್ನು ನಡೆಸಿಯೂ ನಡೆಸಿದನು. 1980ರ ಆಗಸ್ಟಿನಲ್ಲಿ ಆ ಹುಡುಗನು ಆತ್ಮಹತ್ಯೆ ಮಾಡಿಕೊಂಡನು. ಪತ್ತೇದಾರನು ನಿಜಸ್ಥಿತಿಯನ್ನು ಗ್ರಂಥರೂಪದಲ್ಲಿ ತಿಳಿಸಿದ್ದು 1984ರಲ್ಲಿ.

ನಡುವಣ ಐದು ವರ್ಷಗಳು ಸುಮ್ಮನೆ ಕಳೆಯಲಿಲ್ಲ. 1981ರಲ್ಲಿ ರೋನಾ ಜ್ಯಾಫೆ ಎಂಬ ಲೇಖಕಿಯ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ ಎಂಬ ಕಾದಂಬರಿಯು ಹೊರಟಿತು. ಮರುವರ್ಷ ಅದು ದೂರದರ್ಶನದ ಚಿತ್ರವಾಗಿ ಮನೆಮನೆಗೂ ಬಂದಿತು. ತಾನಾರು, ತನ್ನ ಪಾತ್ರವಾವುದು ಎಂಬ ಭೇದವನ್ನೇ ಕಳೆದುಕೊಂಡ ಒಬ್ಬ ಆಟಗಾರನ ಕಥೆ ಅದು. ಕಾದಂಬರಿಗೆ ಕಲ್ಪಿಸುವ ಹಕ್ಕುಂಟು. ಆದರೆ ಸತ್ಯವು ಬಾಯಿ ಮುಚ್ಚಿಕೊಂಡಿದ್ದ ಕಾಲದಲ್ಲಿ ಕಲ್ಪನೆಯು ಸತ್ಯದ ಪೀಠದಲ್ಲಿ ಕುಳಿತುಬಿಡುವುದು.

ಪತ್ತೇದಾರನು ಮಾಡಿದ್ದು ಸರಿಯೆ? ಕರ್ಣಪರ್ವದ ಕೌಶಿಕನು ಕಳ್ಳರಿಗೆ ಸತ್ಯವನ್ನು ಹೇಳಿ ನಿರಪರಾಧಿಗಳ ಕೊಲೆಗೆ ಕಾರಣನಾಗಿ ನರಕಕ್ಕೆ ಹೋದನು. ಪರರಿಗೆ ಹಾನಿ ತರುವ ಸತ್ಯವನ್ನು ನುಡಿಯದಿರುವುದೇ ಧರ್ಮವೆಂದು ಆ ಕಥೆಯ ತಾತ್ಪರ್ಯ. ನೊಂದ ಬಾಲಕನ ಗುಟ್ಟನ್ನು ಕಾಪಾಡಿದವನನ್ನು ನಿಂದಿಸಲು ಯಾರಿಗೂ ಬಾಯಿ ಬಾರದು. ಆದರೂ ಒಂದು ಮಾತು ಉಳಿಯುತ್ತದೆ. ಆಟವೇ ಕಾರಣವಿರಬಹುದೆಂಬ ಸಂಶಯವನ್ನು ಹೊತ್ತಿಸಿದವನು ತಾನೇ. ‘ಕಾರಣ ಇದು’ ಎಂದು ಹೇಳದೆಯೇ ‘ಕಾರಣ ಅದಲ್ಲ’ ಎಂದು ಹೇಳುವುದು ಸಾಧ್ಯವಿತ್ತು. ಗುಟ್ಟೂ ಉಳಿಯುತ್ತಿತ್ತು, ಅಪವಾದವೂ ಅಳಿಯುತ್ತಿತ್ತು. ಮೌನವು ಒಬ್ಬನನ್ನು ಕಾಪಾಡುವಾಗ ಇನ್ನಾರ ತಲೆಯ ಮೇಲೆ ಭಾರ ಹೊರಿಸುತ್ತಿದೆಯೆಂದು ನೋಡಿಕೊಳ್ಳುವ ಹೊಣೆಯಿಂದ ಮೌನಿಯು ಬಿಡುಗಡೆ ಹೊಂದಲಾರನು.

ಮುಂದಿನದು ಇನ್ನೂ ಕರುಣಾಜನಕವಾದುದು. ವರ್ಜೀನಿಯಾ ಸಂಸ್ಥಾನದ ಪೆಟ್ರಿಶಿಯಾ ಪುಲಿಂಗ್ ಎಂಬ ತಾಯಿಯ ಮಗನು 1982ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಅವನೂ ಈ ಆಟವನ್ನು ಆಡುತ್ತಿದ್ದನು. ಆಟದಲ್ಲಿ ಅವನಿಗೆ ತಗುಲಿದ ಶಾಪವೇ ಕಾರಣವೆಂದು ಆಕೆ ಶಾಲೆಯ ಮುಖ್ಯೋಪಾಧ್ಯಾಯರ ಮೇಲೆ ದಾವೆ ಹೂಡಿದಳು; ದಾವೆ ವಜಾ ಆಯಿತು. ಆಟದ ವಿರುದ್ಧವಾಗಿ 1983ರಲ್ಲಿ ಒಂದು ಸಂಘವನ್ನು ಕಟ್ಟಿದಳು. 1985ರಲ್ಲಿ ‘ಸಿಕ್ಸ್‌ಟಿ ಮಿನಿಟ್ಸ್’ ಎಂಬ ದೂರದರ್ಶನದ ಪ್ರಸಂಗದಲ್ಲಿ ಆಕೆಯೂ ಗೈಗ್ಯಾಕ್ಸನೂ ಕಾಣಿಸಿಕೊಂಡರು. ಆಟವು ಸೈತಾನನ ಪೂಜೆಗೆ ಮೆಟ್ಟಿಲೆಂದೂ, ಮಕ್ಕಳು ಇದರಿಂದ ಸಾಯುತ್ತಿದ್ದಾರೆಂದೂ ಪ್ರಚಾರವಾಯಿತು. ಮೇಜಿನ ಸುತ್ತ ಕುಳಿತ ಹುಡುಗರಿಗೆ ಎರಡು ಮುಖಗಳನ್ನು ಬರೆದುಕೊಟ್ಟದ್ದಾಯಿತು: ಅರಳುಮರಳಾದವನು, ಇಲ್ಲವೆ ಪಿಶಾಚೋಪಾಸಕನು.

ಇಲ್ಲಿ ತರ್ಕದ ದೋಷವನ್ನು ತೋರಿಸುವುದು ಕಷ್ಟವಲ್ಲ. ಕಾಗೆ ಕುಳಿತಾಗ ತಾಳೆಯ ಹಣ್ಣು ಬಿದ್ದುದರಿಂದ ಕಾಗೆಯೇ ಕಾರಣವಾಗದು. ಅನ್ವಯದೊಡನೆ ವ್ಯತಿರೇಕವನ್ನೂ ನೋಡಬೇಕು. ಆಡಿದವರಲ್ಲಿ ಎಷ್ಟು ಮಂದಿ ಹಾಗಾದರು, ಆಡದವರಲ್ಲಿ ಎಷ್ಟು ಮಂದಿ ಎಂದು ಕೇಳಬೇಕು. ಪಾತ್ರವಹಿಸಿದವನು ಪಾತ್ರವೇ ಆಗಿಬಿಡುವನೆಂಬ ಭಯಕ್ಕೂ ನಮ್ಮ ಅಲಂಕಾರಿಕರಲ್ಲಿ ಉತ್ತರವುಂಟು. ನಟನನ್ನು ರಾಮನೆಂದು ತಿಳಿಯುವುದು ಯಥಾರ್ಥಜ್ಞಾನವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ. ಚಿತ್ರದ ಕುದುರೆಯನ್ನು ಕುದುರೆಯೆಂದು ತಿಳಿದಂತೆ ಅದು ಬೇರೊಂದು ಬಗೆಯ ಅರಿವು ಎಂದು ಶ್ರೀಶಂಕುಕನು ಹೇಳಿದನು. ಅವನ ಅನುಕರಣವಾದವನ್ನು ಅಭಿನವಗುಪ್ತನು ಖಂಡಿಸಿದನಾದರೂ ದೃಷ್ಟಾಂತವು ಮಾತ್ರ ಬಾಳಿತು. ಗೋಡೆಯ ಮೇಲಿನ ಕುದುರೆಯನ್ನು ಕುದುರೆಯೆನ್ನುವವನು ಅದಕ್ಕೆ ಹುಲ್ಲು ಹಾಕುವುದಿಲ್ಲ. ಹಾಕುವವನು ಒಬ್ಬನಿದ್ದರೆ ಅವನ ರೋಗವು ಚಿತ್ರದಿಂದ ಬಂದುದಲ್ಲ. ಹೊತ್ತು ಮೀರಿ ಆಡಿ ಓದು ಕೆಡಿಸಿಕೊಂಡವರಿಲ್ಲವೆ ಎಂದರೆ, ಇದ್ದಾರು. ಇಸ್ಪೀಟು, ಚದುರಂಗ, ಕಾದಂಬರಿಯ ಓದು, ಇವುಗಳಲ್ಲಿಯೂ ಇದ್ದಾರೆ.

ಆಟಗಾರರು ಕೊಟ್ಟ ಉತ್ತರಗಳು ಹಲವು. ಆಟವನ್ನು ಪ್ರಕಟಿಸುತ್ತಿದ್ದ ಸಂಸ್ಥೆಯು 1989ರ ಎರಡನೆಯ ಆವೃತ್ತಿಯಲ್ಲಿ ಪಿಶಾಚಗಳನ್ನೇ ಕೈಬಿಟ್ಟು, ಎರಡು ವರ್ಷಗಳ ಮೇಲೆ ‘ತನಾರಿ’, ‘ಬಾಟೆಜು’ ಎಂಬ ಅಪರಿಚಿತವಾದ ಹೆಸರುಗಳಿಂದ ಅವುಗಳನ್ನು ಹಿಂದಕ್ಕೆ ಕರೆತಂದಿತು. ಇದು ವರ್ತಕನ ಉತ್ತರ. ಕೋಪವಿಲ್ಲ, ಒಪ್ಪಿಗೆಯೂ ಇಲ್ಲ. 2000ದ ಆವೃತ್ತಿಯಲ್ಲಿ ಹಳೆಯ ಹೆಸರುಗಳೇ ಮರಳಿದುವು. ಎಷ್ಟೋ ಮಂದಿ ಯುವಕರು ನಕ್ಕು, ಬೈಗುಳನ್ನೇ ಬಿರುದಾಗಿ ಧರಿಸಿಕೊಂಡರು. ಇದರಲ್ಲಿ ಧೈರ್ಯವುಂಟು, ಆದರೆ ಬಿರುದನ್ನು ಬಹುಕಾಲ ಧರಿಸಿದವನು ಹೊರಗಿನವರು ಒಳಗೆ ಬರದಂತೆ ಅದನ್ನೇ ಅಗುಳಿಯಾಗಿ ಇಟ್ಟುಕೊಳ್ಳುವುದೂ ಉಂಟು. ತಮಗೆ ಬಂದ ನಿಂದೆಯನ್ನು ಪಕ್ಕದವರ ಮೇಲೆ ದಾಟಿಸಿದವರ ಉತ್ತರವೇ ಎಲ್ಲಕ್ಕಿಂತ ಹೀನವಾದುದು. ನಾವು ಮೇಜಿನ ಬಳಿ ಕುಳಿತು ಆಡುವ ಬುದ್ಧಿವಂತರು, ವೇಷ ಕಟ್ಟಿಕೊಂಡು ಬಯಲಿನಲ್ಲಿ ಆಡುವ ಅವರೇ ಹುಚ್ಚರು ಎಂದವರು, ಅಪವಾದವನ್ನು ಅಲ್ಲಗಳೆಯಲಿಲ್ಲ; ಅದರ ವಿಳಾಸವನ್ನು ತಿದ್ದಿದರು, ಅಷ್ಟೆ.

ಲೆಕ್ಕ ಹಾಕಿ ಉತ್ತರ ಕೊಟ್ಟವನು ಮೈಕೆಲ್ ಸ್ಟ್ಯಾಕ್‌ಪೋಲ್. ತಾನೂ ಆಟಗಳನ್ನು ರಚಿಸುತ್ತಿದ್ದ ಈ ಲೇಖಕನು 1990ರಲ್ಲಿ ಒಂದು ದೀರ್ಘವಾದ ವರದಿಯನ್ನು ಬರೆದು, ಪುಲಿಂಗಳ ಹೇಳಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಆಡುವವರ ಸಂಖ್ಯೆಗೆ ಅದೇ ವಯಸ್ಸಿನ ಸಾಮಾನ್ಯ ತರುಣರ ಪ್ರಮಾಣವನ್ನು ಹಿಡಿದರೆ, ಆಕೆ ಎಣಿಸಿದ ಸಾವುಗಳಿಗಿಂತ ಎಷ್ಟೋ ಹೆಚ್ಚು ಸಾವುಗಳು ಆಟದ ಹಂಗಿಲ್ಲದೆಯೇ ಆಗಿರಬೇಕಾಗಿತ್ತೆಂದು ತೋರಿಸಿದನು. ರಿಚ್‌ಮಂಡ್ ಪ್ರದೇಶದ ಜನರಲ್ಲಿ ನೂರಕ್ಕೆ 8 ಮಂದಿ ಸೈತಾನನ ಪೂಜಕರೆಂದು ಆಕೆ ಹೇಳಿದ್ದಳು. ಅದೆಂತೆಂದರೆ, ಹರೆಯದವರಲ್ಲಿ ನೂರಕ್ಕೆ 4, ದೊಡ್ಡವರಲ್ಲಿ ನೂರಕ್ಕೆ 4, ಕೂಡಿದರೆ 8! ಮಾಧ್ಯಮಿಕ ಶಾಲೆಯ ಹುಡುಗನೂ ಒಟ್ಟಿನಲ್ಲಿ ನೂರಕ್ಕೆ 4 ಎಂದಾನು.

ಇಲ್ಲಿ ನಗು ಬರುವುದು ಸಹಜ. ಆ ನಗುವಿನ ಸ್ಥಳದಲ್ಲಿಯೇ ಆಟಗಾರರ ಧರ್ಮಕ್ಕೆ ಕಠಿನವಾದ ಪರೀಕ್ಷೆಯಿತ್ತು. ತಪ್ಪಾಗಿ ಕೂಡಿದವಳು ಗಣಿತವನ್ನು ಕಲಿಯದ ದುಷ್ಟೆಯಲ್ಲ; ಮಗನ ಕೋಣೆಯ ಬಾಗಿಲಿನಲ್ಲಿ ನಿಂತು ಏಕೆಂದು ಕೇಳಿ ಉತ್ತರ ಸಿಕ್ಕದ ತಾಯಿ. ಕಾರಣವಿಲ್ಲದ ದುಃಖವನ್ನು ಹೊರಲಾರದೆ ಮನುಷ್ಯನು ಹತ್ತಿರ ಸಿಕ್ಕಿದ ವಸ್ತುವನ್ನೇ ಕಾರಣವೆಂದು ಹಿಡಿಯುವನು. ಆಕೆಯ ಮಾತು ಸುಳ್ಳು, ಆಕೆಯ ಶೋಕವು ನಿಜ; ಎರಡನ್ನೂ ಏಕಕಾಲದಲ್ಲಿ ನುಡಿಯಬಲ್ಲವರು ವಿರಳ. ಆಕೆಯನ್ನು ಮೂಢಳೆಂದೂ ಮತಾಂಧಳೆಂದೂ ಮಾತ್ರ ಕರೆದವರು, ತಮ್ಮ ಮೇಲೆ ಬರೆಯಲ್ಪಟ್ಟ ಬಗೆಯ ಚಿತ್ರವನ್ನೇ ಆಕೆಯ ಮೇಲೆ ಬರೆದರು. ಹೆದರಿದ ತಂದೆತಾಯಿಗಳನ್ನು ಮೇಜಿನ ಬಳಿ ಕೂರಿಸಿಕೊಂಡು, ದಾಳವನ್ನು ಅವರ ಕೈಗೇ ಕೊಟ್ಟು ತೋರಿಸಿದ ಹುಡುಗರೂ ಇದ್ದರು. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವ ಬಗೆಯದಲ್ಲ.

ಪುಲಿಂಗಳು 1997ರಲ್ಲಿ ತೀರಿಕೊಂಡಳು. ಕಾಲವು ಮಗುಚಿತು. 2016ರಲ್ಲಿ ಆರಂಭವಾದ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಧಾರಾವಾಹಿಯಲ್ಲಿ ಈ ಆಟವನ್ನಾಡುವ ಹುಡುಗರೇ ನಾಯಕರು. 2022ರ ಅದರ ಭಾಗದಲ್ಲಿ ಒಬ್ಬ ಸೂತ್ರಧಾರನನ್ನು ಪಿಶಾಚೋಪಾಸಕನೆಂದು ಊರೇ ಅಟ್ಟಿಕೊಂಡು ಹೋಗುವುದು. ಪೀಡಿತರಿಗೆ ನ್ಯಾಯ ಸಿಕ್ಕಿತೆಂದು ಆಟಗಾರರು ಸಂತೋಷಪಟ್ಟರು. ಆ ಕಥೆಯಲ್ಲಿ ಹೆದರಿದ ಊರಿನವರಿಗೆ ಮಾತ್ರ ಹೆಚ್ಚಾಗಿ ಒಂದೇ ಮುಖ.

ಹಾಗೆಂದು ಹಳೆಯ ಭಯವು ಪೂರ್ತಿಯಾಗಿ ಹೋಯಿತೆನ್ನುವಂತಿಲ್ಲ. ಆಟವು ಹುಟ್ಟಿದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿಯೇ, 2004ರಲ್ಲಿ, ಸೆರೆಮನೆಯ ಒಬ್ಬ ಬಂದಿಯು ಈ ಆಟಕ್ಕಾಗಿ ಕೈಯಲ್ಲಿ ಬರೆದಿದ್ದ 96 ಪುಟಗಳನ್ನು ಅಧಿಕಾರಿಗಳು ಕಿತ್ತುಕೊಂಡರು. ಆಟವು ಬಂದಿಗಳಲ್ಲಿ ಗುಂಪು ಕಟ್ಟುವ ಬುದ್ಧಿಯನ್ನು ಬೆಳೆಸುವುದೆಂಬುದು ಅವರು ಕೊಟ್ಟ ಕಾರಣ. ಅವನು ನ್ಯಾಯಾಲಯಕ್ಕೆ ಹೋಗಿ, ಈ ಆಟಕ್ಕೂ ಅಂಥ ಗುಂಪುಗಳಿಗೂ ಸಂಬಂಧವಿಲ್ಲವೆಂದು ಹದಿನೈದು ಪ್ರಮಾಣಪತ್ರಗಳನ್ನು ಒಪ್ಪಿಸಿದನು. ಅಧಿಕಾರಿಗಳು ಹಾಗೆ ನಡೆದ ಒಂದು ನಿದರ್ಶನವನ್ನೂ ತೋರಿಸಬೇಕಾದುದಿಲ್ಲ, ಅವರ ಆತಂಕವು ಯುಕ್ತವಾಗಿ ತೋರಿದರೆ ಸಾಕು ಎಂದು 2010ರಲ್ಲಿ ಮೇಲಿನ ನ್ಯಾಯಾಲಯವು ತೀರ್ಪು ಕೊಟ್ಟಿತು.