ಬೆಳಕಿನ ಜಾಲರಿ ಮತ್ತು ವೈಶೇಷಿಕರ ‘ವಿಶೇಷ’

ಗುಣ, ಆಕಾರ, ಚಲನೆ ಮೂರರಲ್ಲೂ ಸಮನಾದ ಎರಡು ಪರಮಾಣುಗಳು ಒಂದಲ್ಲ, ಎರಡು ಎಂಬುದು ಯಾವುದರಿಂದ ಸಿದ್ಧವಾಗುತ್ತದೆ ಎಂಬ ಪ್ರಶ್ನೆಗೆ ವೈಶೇಷಿಕ ದರ್ಶನವು ‘ವಿಶೇಷ’ವೆಂಬ ಪದಾರ್ಥವನ್ನು ಒಪ್ಪಿ ಉತ್ತರಿಸಿತು. ಪ್ರತಿ ನಿತ್ಯದ್ರವ್ಯದಲ್ಲೂ ಅದಕ್ಕಷ್ಟೇ ಸೇರಿದ್ದು, ಉಳಿದೆಲ್ಲವುಗಳಿಂದ ಅದನ್ನು ಬೇರ್ಪಡಿಸುವ ಅಂತಿಮ ಭೇದಕವೇ ಈ ವಿಶೇಷ. ಸುಖದುಃಖಗಳೆಲ್ಲ ಕಳಚಿದ ಮುಕ್ತಾತ್ಮರನ್ನು ಪರಸ್ಪರ ಬೇರೆಯಾಗಿ ಉಳಿಸುವುದೂ ಇದೇ ಎಂದು ವೈಶೇಷಿಕ ಭಾಷ್ಯಕಾರ ಪ್ರಶಸ್ತಪಾದರು ಹೇಳಿದ್ದರಿಂದ, ಇದು ಜಡವಸ್ತುವಿನ ಲೆಕ್ಕಾಚಾರವಷ್ಟೇ ಆಗಿರಲಿಲ್ಲ. ಮಧ್ವಾಚಾರ್ಯರು ವಿಶೇಷವನ್ನು ಬೇರೆ ಅರ್ಥದಲ್ಲಿ ಬಳಸಿದರೂ, ಭೇದವು ವಸ್ತುವಿನ ಸ್ವರೂಪವೇ ಎಂದರು. ಎರಡೂ ಮತಗಳು ಬೇರೆತನವನ್ನು ವಸ್ತುವಿನಲ್ಲೇ ನೆಲೆಗೊಳಿಸಿದವು.

ಈ ನಿಲುವನ್ನು ಆಧುನಿಕ ಭೌತವಿಜ್ಞಾನದ ಒಂದು ಎಣಿಕೆ ಪ್ರಶ್ನಿಸುತ್ತದೆ. 1924ರಲ್ಲಿ ಢಾಕಾದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಎಣಿಸಿದ ಕ್ರಮದಲ್ಲಿ, ಎರಡು ಕಣಗಳನ್ನು ಅದಲುಬದಲು ಮಾಡಿದರೆ ಹೊಸ ಸ್ಥಿತಿಯೇನೂ ಹುಟ್ಟುವುದಿಲ್ಲ. ಐನ್‌ಸ್ಟೈನರು ಇದೇ ಎಣಿಕೆಯನ್ನು ಅನಿಲದ ಪರಮಾಣುಗಳಿಗೂ ಅನ್ವಯಿಸಿ, ಅತಿಶೀತದಲ್ಲಿ ಅವು ಒಂದೇ ಸ್ಥಿತಿಗೆ ಇಳಿಯುತ್ತವೆ ಎಂದು ಊಹಿಸಿದರು. 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ರುಬಿಡಿಯಂ ಪರಮಾಣುಗಳು ಹಾಗೆಯೇ ಇಳಿದವು. ಮ್ಯೂನಿಕ್‌ನಲ್ಲಿ ಗ್ರೈನರ್, ಬ್ಲೋಖ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮುಂದೆ ಹೋಯಿತು. ಎದುರುಬದುರಾಗಿ ಸಾಗುವ ಲೇಸರ್ ಕಿರಣಗಳು ಸೇರಿದಾಗ ಉಜ್ವಲ ಬಿಂದುಗಳ ಸಾಲು, ಅಂದರೆ ಬೆಳಕಿನ ಜಾಲರಿ ಏರ್ಪಡುತ್ತದೆ. ತಕ್ಕ ತರಂಗಾಂತರದ ಬೆಳಕಾದರೆ ಪರಮಾಣುಗಳು ಆ ಬಿಂದುಗಳತ್ತ ಸೆಳೆಯಲ್ಪಡುತ್ತವೆ. ಬೆಳಕು ಮಂದವಾಗಿದ್ದಾಗ ಒಂದೊಂದು ಪರಮಾಣುವೂ ಇಡೀ ಜಾಲರಿಯಲ್ಲಿ ಹರಡಿಕೊಂಡಿರುತ್ತದೆ. ಪ್ರಖರಗೊಳಿಸಿದಾಗ ಒಂದೊಂದು ಬಿಂದುವಿನಲ್ಲೂ, ಅಂದರೆ ಜಾಲರಿಯ ಒಂದೊಂದು ಮನೆಯಲ್ಲೂ ನಿಶ್ಚಿತ ಸಂಖ್ಯೆಯ ಪರಮಾಣುಗಳು ನೆಲೆಯೂರುತ್ತವೆ. ಮತ್ತೆ ಮಂದಗೊಳಿಸಿದರೆ ಮಿಲಿಸೆಕೆಂಡುಗಳಲ್ಲಿ ಹಳೆಯ ಹರಡುವಿಕೆ ಮರಳುತ್ತದೆ.

ಹೀಗೆ ತೋರಿ ಅಡಗುವ ಬೇರೆತನವು ಪರಮಾಣುವಿನದಲ್ಲ, ಅದು ನಿಂತ ಸ್ಥಾನದ್ದು. ಸ್ಥಾನವು ಆಗಂತುಕ, ವಿಶೇಷವು ನಿತ್ಯ ಎಂದು ವೈಶೇಷಿಕನು ನ್ಯಾಯವಾಗಿಯೇ ಆಕ್ಷೇಪಿಸಬಹುದು. ಅವನ ನಿರವಯವ ಪರಮಾಣುವೂ ರುಬಿಡಿಯಂನ ಪರಮಾಣುವೂ ಒಂದಲ್ಲವೆಂಬುದೂ ನಿಜ. ಆದರೂ ಒಂದೊಂದರಲ್ಲೂ ಎಣಿಕೆಗೆ ಒದಗುವ ವಿಶೇಷವಿದ್ದಿದ್ದರೆ ಅದಲುಬದಲು ಹೊಸ ಸ್ಥಿತಿಯಾಗಬೇಕಿತ್ತು, ಬೋಸರ ಎಣಿಕೆ ತಪ್ಪಬೇಕಿತ್ತು. ಎಣಿಕೆಗೆ ಒದಗದ ವಿಶೇಷವನ್ನು ಒಪ್ಪಿದರೆ, ಅದಕ್ಕೆ ಪ್ರಶಸ್ತಪಾದರು ಹೇಳಿದ ಯೋಗಿಪ್ರತ್ಯಕ್ಷ, ಅಂದರೆ ಯೋಗಿಗಳ ನೇರ ಅರಿವೊಂದೇ ಪ್ರಮಾಣವಾಗಿ ಉಳಿಯುತ್ತದೆ. ಜಾಲರಿಯ ಮನೆಯೊಂದರಲ್ಲಿ ಎರಡು ಪರಮಾಣುಗಳಿವೆ ಎನ್ನಬಹುದು, ಇದು ಯಾವುದು ಅದು ಯಾವುದು ಎನ್ನಲಾಗದು. ಅನೇಕತ್ವವಿದ್ದಲ್ಲಿ ಭೇದಕವಿರಲೇಬೇಕೆಂಬ ನಿಯಮವೇ ಇಲ್ಲಿ ಸಡಿಲವಾಗುವುದರಿಂದ, ಮುಕ್ತಾತ್ಮರ ಬಹುತ್ವವನ್ನು ಒಪ್ಪುವವರು ಅದಕ್ಕಾಗಿ ವಿಶೇಷವನ್ನೂ ಒಪ್ಪಬೇಕಾದ ನಿರ್ಬಂಧವಿಲ್ಲ.